ಮೆಟ್ಟಿಲಿನ ತಿರುವು

ಜುಲೈ ೯

ಪ್ರೊಫೆಸರಮ್ಮನೋರಿಗೆ,

ನಿಮ್ಮಪ್ಪ ಮಾಡೋ ಸಲಾಮು. ಆಸ್ಪತ್ರೆ ಹಿಂದಿನ ಗೇಟಲ್ಲಿ ಗಾಡಿ ನಿಲ್ಸಿ, ಬಾನೆಟ್ ಮೇಲೆ ಹಾಳೆ ಇಟ್ಕೊಂಡು ಬರೀತಿದೀನಿ. ಮನೆಯೋರು ಇನ್ನೂ ಸಹಿ ಹಾಕಿಸ್ತಾ ಓಡಾಡ್ತಿದಾರೆ. ನಾನು ಕರ್ಕೊಂಡು ಹೋಗಬೇಕಾದೋರಿಗೆ ಮಾತ್ರ ಏನೂ ಅವಸರ ಇಲ್ಲ. ಅಕ್ಷರ ಡೊಂಕಾಗಿದ್ರೆ ಅದು ಬಾನೆಟ್ ತಪ್ಪು. ಒತ್ತಕ್ಷರ ಬಿಟ್ಟಿದ್ರೆ ನಾಲ್ಕನೇ ಕ್ಲಾಸಿನ ಮೇಷ್ಟ್ರ ತಪ್ಪು. ಅದಕ್ಕಿಂತ ಮುಂದೆ ನಾನು ಯಾವ ಮೇಷ್ಟ್ರಿಗೂ ತೊಂದ್ರೆ ಕೊಟ್ಟಿಲ್ಲ.

ನೀನು ಹೋದಾಗಿಂದ ನಿಮ್ಮಮ್ಮ ಫೋನ್ ಮಾಡೋಣ, ಫೋನ್ ಮಾಡೋಣ ಅಂತ ಒಂದೇ ಸಮ. ನಾನೇ ಬೇಡ ಅಂದೆ. ಹೆಣದ ಗಾಡಿ ಓಡಿಸೋನ ಮನೇಲಿ ಫೋನ್ ಹೊಡ್ಕೊಂಡ್ರೆ ಯಾರೋ ಹೋದ್ರು ಅಂತ್ಲೇ ಅರ್ಥ. ನೀನು ಚಿಕ್ಕೋಳಿದ್ದಾಗ ಫೋನ್ ಸದ್ದಾದ ತಕ್ಷಣ ಓಡಿ ಹೋಗಿ ನನ್ನ ಚಪ್ಪಲಿ ತಂದು ಬಾಗಿಲ ಹತ್ರ ಇಡ್ತಿದ್ದೆ, ಜ್ಞಾಪಕ ಇದ್ಯಾ? ಒಳ್ಳೇ ಸುದ್ದಿಗೆ ಕಾಗದ, ಕೆಟ್ಟದ್ದಕ್ಕೆ ಫೋನ್. ಈ ಕಾನೂನು ಮಾಡಿದೋಳೇ ನೀನು. ಅದನ್ನ ಮುರಿಯೋದು ಬೇಡ.

ಈಗ ಮುಖ್ಯ ವಿಷಯ. ಕಾಲೇಜಲ್ಲಿ ಹೊಸಬರಿಗೆ ಅಂತ ಕೊಟ್ಟಿರೋ ಆ ದೊಡ್ಡ ಹಾಲ್‌ನಲ್ಲಿ ಸ್ವಲ್ಪ ದಿನ ಮಾತ್ರ ಇರಬಹುದು, ಅಷ್ಟರೊಳಗೆ ಎಲ್ಲಿರ್ತೀನಿ ಅಂತ ನೋಡ್ಕೋಬೇಕು ಅಂತ ಬರ್ದಿದ್ದೆ. ಮನೆ ನೋಡೋಕೆ ಹೋದೋರೆಲ್ಲ ಗೋಡೆ ತಟ್ಟಿ ನೋಡ್ತಾರೆ, ನಲ್ಲಿ ತಿರುಗಿಸಿ ನೋಡ್ತಾರೆ. ನೀನು ಮೊದಲು ಮೆಟ್ಟಿಲು ನೋಡು. ಮೆಟ್ಟಿಲು ತಿರುಗೋ ಕಡೆ ಜಾಗ ಇದ್ಯಾ ಅಂತ ನೋಡು. ಕೆಲವು ಮನೇಲಿ ಮೇಲಿಂದ ಇಳಿಸೋ ಅಷ್ಟ್ರಲ್ಲಿ ಹೊತ್ತೋರಿಗೇ ಉಸಿರು ಹೋಗಿ, ಗಾಡಿಗೆ ಯಾರನ್ನ ಹತ್ತಿಸಬೇಕು ಅಂತ ನನಗೆ ಅನುಮಾನ ಬರುತ್ತೆ. ಮುಂದಿರೋರು ಕೈ ಎತ್ತಬೇಕು, ಹಿಂದಿರೋರು ಬಗ್ಗಬೇಕು, ತಿರುವಲ್ಲಿ ಒಂದ್ಸಲ ನಿಂತು ಕಾಲಿನ ಕಡೆ ಮೊದಲು ತಿರುಗಿಸಬೇಕು. ಅದಕ್ಕೆ ಸರಿಹೋಗೋ ಮೆಟ್ಟಿಲು ಬದುಕಿರೋರು ಓಡಾಡೋಕೂ ಸರಿಹೋಗುತ್ತೆ.

ಮೆಟ್ಟಿಲು ಗಿಟ್ಟಿಲು ಬಿಡಿ, ಗಾಳಿ ಬೆಳಕು ನೋಡೋಕೆ ಹೇಳಿ ಅಂತ ನಿಮ್ಮಮ್ಮ. ನಿನ್ನ ಹಳೇ ಹಾಸಿಗೆ ಬಿಚ್ಚಿ, ಹತ್ತಿ ಬಿಡಿಸಿ, ಹೊಸ ಬಟ್ಟೆ ಹಾಕಿಸ್ತಿದಾಳೆ. ಹಸಿರು ಪಟ್ಟೆ.

ಅಪ್ಪ


ಜುಲೈ ೧೬

ಅಪ್ಪಾ,

ನಿನ್ನ ಕಾಗದ ಓದ್ತಾ ಹಾಲಲ್ಲಿ ಎಲ್ಲರ ಮುಂದೆ ನಕ್ಕುಬಿಟ್ಟೆ. ಪಕ್ಕದ ಮಂಚದೋಳು ಏನು ಅಂದ್ಳು. ಅಪ್ಪ ಮೆಟ್ಟಿಲ ಬಗ್ಗೆ ಜೋಕು ಬರ್ದಿದಾರೆ ಅಂದೆ. ‘ಮೆಟ್ಟಿಲಲ್ಲಿ ಏನು ಜೋಕು?’ ಅಂದ್ಳು. ಬಿಡಿಸಿ ಹೇಳೋಕೆ ಆಗಲಿಲ್ಲ.

ಎರಡು ಜಾಗ ಇವೆ. ಒಂದು ಯೂನಿವರ್ಸಿಟಿ ಹಾಸ್ಟೆಲ್. ಅದರಲ್ಲಿ ನನ್ನ ಹೆಸರು ಬಂದಿದೆ. ರೂಮಿಗೆ ಮೂರು ಜನ, ಮೂರು ಮಂಚ, ಎರಡು ಮೇಜು. ಕತ್ತಲಾಗೋದ್ರೊಳಗೆ ಗೇಟು ಹಾಕ್ತಾರೆ. ವಾರ್ಡನ್ ಮುಖ ನೋಡಿದ್ರೆ ಗೇಟೇ ವಾಸಿ ಅನ್ಸುತ್ತೆ.

ಇನ್ನೊಂದು, ಕಾಲೇಜಿಂದ ನಡೆದು ಹೋಗಬಹುದಾದ ಒಂದು ಮನೆ. ಕೆಳಗೆ ಮನೆಯೊಡತಿ ಮತ್ತೆ ಅವರ ಗಂಡ. ಗಂಡನಿಗೆ ತುಂಬ ದಿನದಿಂದ ಹುಷಾರಿಲ್ಲ, ವರಾಂಡದಲ್ಲಿ ಕುರ್ಚಿ ಹಾಕ್ಕೊಂಡು ಬೀದಿ ನೋಡ್ತಿರ್ತಾರೆ. ಮೇಲೆ ಮೂರು ಜನ ಸೀನಿಯರ್ ಹುಡುಗೀರು. ನಾಲ್ಕನೇ ರೂಮು ಖಾಲಿ ಇದೆ. ಚಿಕ್ಕದು, ಆದ್ರೆ ಒಬ್ಬಳಿಗೇ. ಕಿಟಕಿ ಬೀದಿ ಕಡೆಗೆ. ಬಾಗಿಲಿಗೆ ಒಳಗಡೆಯಿಂದ ಚಿಲಕ ಇದೆ. ಅಪ್ಪಾ, ನಮ್ಮನೇಲಿ ಬಚ್ಚಲಿಗೆ ಬಿಟ್ರೆ ಎಲ್ಲೂ ನಾನು ಒಳಗಿಂದ ಚಿಲಕ ಹಾಕ್ಕೊಂಡಿಲ್ಲ.

ಅಲ್ಲಿ ನಾವು ರೂಮು ಆರಿಸೋದಲ್ಲ, ಅವರೇ ನಮ್ಮನ್ನ ಆರಿಸೋದು. ಮೂರೂ ಜನ ಸೋಫಾ ಮೇಲೆ ಕೂತು, ನನ್ನನ್ನ ಎದುರಿಗೆ ಸ್ಟೂಲ್ ಮೇಲೆ ಕೂರಿಸಿದ್ರು. ಎಷ್ಟೊತ್ತಿಗೆ ಏಳ್ತೀಯ, ನಿನ್ನ ಪಾತ್ರೆ ನೀನೇ ತೊಳ್ಕೋತೀಯ, ಗಟ್ಟಿಯಾಗಿ ಓದೋ ಅಭ್ಯಾಸ ಇದ್ಯಾ, ಅಪ್ಪ ಏನ್ ಮಾಡ್ತಾರೆ, ಎಲ್ಲ ಕೇಳಿದ್ರು. ಹೇಳಿದೆ. ಎರಡು ದಿನ ಬಿಟ್ಟು ಬಾ ಅಂದ್ರು.

ಹಾಸ್ಟೆಲ್ ಬೇಡ ಅಂತ ಬರೆದುಕೊಟ್ರೆ ಆ ಮಂಚ ಮುಂದಿನ ಹೆಸರಿನೋಳಿಗೆ ಹೋಗುತ್ತೆ, ಮತ್ತೆ ಸಿಗಲ್ಲ. ಆದ್ರೂ ಇವರು ಹೂಂ ಅಂದ್ರೆ ನಾನು ಇದನ್ನೇ ಹಿಡೀತೀನಿ.

ಹಾಸಿಗೆ ಲಾರಿ ಪಾರ್ಸೆಲ್ಲಿಗೆ ಹಾಕು. ನೀನೇ ತರೋದು ಬೇಡ. ಗಾಡಿ ಬಿಟ್ಟು ಬರೋದು ನಿನಗೂ ಕಷ್ಟ.

ಮೆಟ್ಟಿಲು ನೋಡಿದೆ. ತಿರುವಲ್ಲಿ ಜಾಗ ಇದೆ.


ಜುಲೈ ೨೨

ಪ್ರೊಫೆಸರಮ್ಮ,

ಚಿಲಕದ ರೂಮೇ ಹಿಡಿ. ಮೂರು ಜನಕ್ಕೆ ಎರಡು ಮೇಜು ಅಂದ್ರೆ ದಿನಾ ಒಬ್ಬಳು ದಡ್ಡಿ ಆಗ್ತಾಳೆ.

ನಿನ್ನ ಕಾಗದದಲ್ಲಿ ಒಂದು ಮಾತು ಓದಿ ನನ್ನೆದೆ ಉಬ್ಬಿ ಅಂಗಿ ಗುಂಡಿ ಕಿತ್ತು ಬಂತು. ನಿಮ್ಮಮ್ಮ ಹೊಲೀತಾ ಕೂತಿದಾಳೆ. ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದಾಗ ಹೇಳಿದೆ ಅಂತ ಬರ್ದಿದೀಯಲ್ಲ, ಅದು. ನಾನು ನಿಮ್ಮಮ್ಮನ್ನ ನೋಡೋಕೆ ಹೋದಾಗ ನಿಮ್ಮ ತಾತನೂ ಅದೇ ಕೇಳಿದ್ರು. ‘ಜನರನ್ನ ಅವರವರ ಜಾಗಕ್ಕೆ ಬಿಡೋ ಕೆಲಸ’ ಅಂದಿದ್ದೆ. ಟೂರಿಸ್ಟ್ ಬಸ್ಸು ಅಂದ್ಕೊಂಡು ಹೆಣ್ಣು ಕೊಟ್ರು. ಮದುವೆ ದಿನ ನನ್ನ ಜೊತೆಯ ಡ್ರೈವರ್‌ಗಳು ಬಂದು ನಿಂತಾಗ ಗೊತ್ತಾಯ್ತು, ಅಷ್ಟೊತ್ತಿಗೆ ಊಟ ಆಗ್ಬಿಟ್ಟಿತ್ತು. ನೀನು ನೋಡು, ಸ್ಟೂಲ್ ಮೇಲೆ ಕೂತು ಮೂರು ಜನರ ಮುಖಕ್ಕೇ ಹೇಳಿದೀಯ. ನನಗಿಂತ ಗಟ್ಟಿ ನೀನು.

ಗಾಡಿ ಬಿಟ್ಟು ಬರೋದು ಕಷ್ಟ ಅಂತ ಅಪ್ಪನ ಬಗ್ಗೆ ಎಷ್ಟು ಯೋಚ್ನೆ. ಗಾಡಿ ಬಿಟ್ಟು ಯಾಕೆ ಬರಬೇಕು ಅಂತ ನನ್ನ ಪ್ರಶ್ನೆ. ಜಾಸ್ತಿ ಹೇಳಲ್ಲ. ಹಾಸಿಗೆ ತಾನೇ ದಾರಿ ಕೇಳ್ಕೊಂಡು ಬರುತ್ತೆ.

ಅಪ್ಪ


ಜುಲೈ ೩೦

ಅಪ್ಪಾ,

ಹೂಂ ಅಂದ್ರು. ಹಾಸ್ಟೆಲ್ ಬೇಡ ಅಂತ ಬರೆದುಕೊಟ್ಟು ಬಂದೆ. ನಿನ್ನೆ ರೂಮಿಗೆ ಬಂದು ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ಮಾಡ್ತಿದ್ದೆ. ಏನೇ ಅದು ಸದ್ದು ಅಂತ ಹೊರಗಿಂದ ನಕ್ಕರು. ಸದ್ಯಕ್ಕೆ ಚಾಪೆ ಮೇಲೆ ಮಲಗ್ತಿದೀನಿ. ವಿಳಾಸ ಹಿಂದುಗಡೆ ಬರ್ದಿದೀನಿ.

ಹಾಸಿಗೆ ತಾನೇ ಬರುತ್ತೆ ಅಂದ್ರೆ ಏನು? ದಯವಿಟ್ಟು ಲಾರಿಗೇ ಹಾಕು. ಬೇಕಾದ್ರೆ ಇನ್ನೂ ಸ್ವಲ್ಪ ದಿನ ಚಾಪೆ ಮೇಲೇ ಇರ್ತೀನಿ.


ಆಗಸ್ಟ್ ೮

ಪ್ರೊಫೆಸರಮ್ಮ,

ಹೇಗಿತ್ತು ಅಪ್ಪನ ಪಾರ್ಸೆಲ್ಲು? ಲಾರಿಗೇ ಹಾಕು ಅಂತ ಎರಡೆರಡು ಸಲ ಬರ್ದಿದ್ದೆ, ನನ್ನ ಸೊಂಟದ ಮೇಲೆ ನಿನಗೆ ಅಷ್ಟು ಕನಿಕರ. ನಿನ್ನ ಮುಖ ನೋಡೋಕೆ ಆಗ್ಲಿಲ್ಲ ಅನ್ನೋದೊಂದು ಬಿಟ್ರೆ ಎಲ್ಲ ಸುಸೂತ್ರ.

ಒಬ್ಬರು ತಾತನ್ನ ಅವರ ಹುಟ್ಟೂರಿಗೆ ಬಿಡೋ ಬಾಡಿಗೆ ಬಂತು. ಅಲ್ಲಿಂದ ನಿಮ್ಮ ಕಾಲೇಜು ಹತ್ರ. ಹಾಸಿಗೇನ ಒಳಗೆ ಇಟ್ಟಿಲ್ಲ, ಹೆದರಬೇಡ. ಟಾರ್ಪಾಲ್ ಸುತ್ತಿ ಟಾಪ್ ಮೇಲೆ ಕಟ್ಟಿದ್ದೆ. ತಾತ ಕೆಳಗೆ, ಹಾಸಿಗೆ ಮೇಲೆ. ಅಷ್ಟು ತಿಳುವಳಿಕೆ ನನಗೂ ಇದೆ.

ನಿನ್ನ ಬೀದೀಲಿ ಗಾಡಿ ನಿಲ್ಸಿದ್ದೇ ತಡ, ಎಲ್ಲರೂ ಬಾಗಿಲಿಗೆ ಬಂದ್ರು. ಸೈಕಲ್ಲಲ್ಲಿ ಹೋಗ್ತಿದ್ದೋನೊಬ್ಬ ಇಳಿದು ಟೋಪಿ ತೆಗೆದ. ನಿನ್ನ ಹಾಸಿಗೆಗೆ ಅಷ್ಟು ಮರ್ಯಾದೆ. ವರಾಂಡದಲ್ಲಿ ಯಜಮಾನ್ರು ಕೂತಿದ್ರು. ನನ್ನನ್ನ ನೋಡಿದ್ರು, ಗಾಡಿ ಮೇಲೆ ಬರ್ದಿರೋ ‘ಅಂತಿಮ ಯಾತ್ರಾ ಸೇವೆ, ಹಗಲೂ ರಾತ್ರಿ’ ಅನ್ನೋದನ್ನ ಓದಿದ್ರು, ಮತ್ತೆ ನನ್ನನ್ನ ನೋಡಿದ್ರು. ಮನೆಯೊಡತಿ ಒಳಗಿಂದ ಕೈ ಒರೆಸ್ಕೋತಾ ಓಡಿ ಬಂದು ‘ಯಾರ್ರೀ ನಿಮ್ಮನ್ನ ಕರೆಸಿದ್ದು?’ ಅಂದ್ರು. ಮುಖದಲ್ಲಿ ರಕ್ತ ಇರ್ಲಿಲ್ಲ. ಸಮಾಧಾನ ಮಾಡೋಣ ಅಂತ ‘ಗಾಬರಿ ಆಗ್ಬೇಡಿ ಅಮ್ಮ, ಯಜಮಾನ್ರಿಗೆ ಇನ್ನೂ ಟೈಮ್ ಇದೆ. ಇವತ್ತು ಬರೀ ಹಾಸಿಗೆ’ ಅಂದೆ.

ಯಜಮಾನ್ರು ನಕ್ಕರು. ಒಳ್ಳೇ ಮನುಷ್ಯ. ಕೆಮ್ಮು ಬರೋವರೆಗೂ ನಕ್ಕರು.

ನಿನ್ನ ಸೀನಿಯರ್‌ಗಳು ಮೇಲಿಂದ ಬಗ್ಗಿ ನೋಡ್ತಿದ್ರು. ‘ನಾನು ನಿಮ್ಮ ಹೊಸ ಹುಡುಗಿ ಅಪ್ಪ ಕಣ್ರಮ್ಮ’ ಅಂದೆ. ಒಬ್ಬಳು ಬಾಯಿ ಮೇಲೆ ಕೈ ಇಟ್ಕೊಂಡು ಒಳಗೆ ಓಡಿದ್ಳು, ನಗು ತಡೆಯೋಕೆ ಆಗ್ಲಿಲ್ಲ ಪಾಪ. ಇನ್ನೊಬ್ಬಳು ‘ಸರಬರಾಜು ಕಂಪನಿ ಅಲ್ವಾ ನಿಮ್ಮದು?’ ಅಂದ್ಳು. ಚೂಟಿ ಹುಡುಗಿ. ‘ಹೂಂ ಕಣಮ್ಮ, ಸರಬರಾಜೇ. ಒಂದ್ಸಲ ಹೋದ ಮಾಲು ವಾಪಸ್ ಬರಲ್ಲ ಅಷ್ಟೇ’ ಅಂದೆ.

ಹಾಸಿಗೆ ಒಬ್ಬನೇ ಹೊತ್ತೆ. ತಿರುವಲ್ಲಿ ಒಂದ್ಸಲ ನಿಂತು ತಿರುಗಿಸಿದೆ, ಗೋಡೆಗೆ ತಾಗಲೇ ಇಲ್ಲ. ಇಳಿಯುವಾಗ ಒಡತಿಗೆ ‘ಭಲೇ ಮೆಟ್ಟಿಲು ಕಟ್ಟಿಸಿದೀರಿ, ನಾಲ್ಕು ಜನ ಆರಾಮಾಗಿ ಇಳಿಸಬಹುದು’ ಅಂದೆ. ಅವರು ಸೆರಗು ಎಳ್ಕೊಂಡು ಒಳಗೆ ಹೋಗ್ಬಿಟ್ರು. ಹೊಗಳಿದ್ರೆ ಮುದುಡೋ ಜನ ಇರ್ತಾರೆ.

ನಿನ್ನ ರೂಮಿಗೆ ಬೀಗ ಇತ್ತು. ಹಾಸಿಗೇನ ಬಾಗಿಲಿಗೆ ಆನಿಸಿ ಬಂದೆ. ಕ್ಲಾಸು ಬಿಡೋವರೆಗೂ ಕಾಯೋಣ ಅಂತಿದ್ದೆ, ಬೀದೀಲಿ ಜನ ಜಾಸ್ತಿ ಆದ್ರು.

ಅಪ್ಪ


ಆಗಸ್ಟ್ ೨೦

ಅಪ್ಪಾ,

ನಿನ್ನ ಕಾಗದ ಒಡತಿ ಮನೆಗೆ ಹೋಗಿ, ಅಲ್ಲಿಂದ ಕಾಲೇಜಿಗೆ ಬಂದು ನನಗೆ ಸಿಕ್ತು. ಅಷ್ಟೊತ್ತಿಗೆ ನನಗೆ ಎಲ್ಲ ಗೊತ್ತಾಗಿತ್ತು.

ಅವತ್ತು ಕ್ಲಾಸು ಮುಗಿಸಿ ಬೀದಿ ತಿರುಗಿದಾಗ ಹಾಸಿಗೆ ಫುಟ್‌ಪಾತ್ ಮೇಲಿತ್ತು. ಹಸಿರು ಪಟ್ಟೆ ದೂರದಿಂದ್ಲೇ ಕಾಣ್ತು. ನನ್ನ ಸೂಟ್‌ಕೇಸು ಗೇಟಿನ ಒಳಗಡೆ. ಒಡತಿ ಬಾಗಿಲ ಸಂದಿಯಿಂದ ಮಾತಾಡಿದ್ರು. ‘ನೀನು ಕೆಟ್ಟೋಳಲ್ಲಮ್ಮ. ಆದ್ರೆ ಇವರು ಮಧ್ಯಾಹ್ನದಿಂದ ಒಂದು ತುತ್ತು ತಿಂದಿಲ್ಲ. ಆ ಗಾಡಿ ಮತ್ತೆ ಯಾವಾಗ ಬರುತ್ತೆ ಅಂತ ಕೇಳ್ತಾನೇ ಇದಾರೆ.’ ಅಷ್ಟು ಹೇಳಿ ಬಾಗಿಲು ಹಾಕ್ಕೊಂಡ್ರು.

ಮೇಲಿನೋರಿಗೆ ಗಾಡಿ ಮೇಲೆ ಸಿಟ್ಟಿಲ್ಲ. ನನ್ನ ಸುಳ್ಳಿನ ಮೇಲೆ. ಆಸ್ಪತ್ರೆಗೆ ಸಾಮಾನು ಸರಬರಾಜು ಮಾಡೋ ಕಂಪನೀಲಿ ಅಪ್ಪ ಇದಾರೆ ಅಂದಿದ್ದೆ. ಹೇಳಿದೆ ಅಂತ ನಿನಗೆ ಬರ್ದಿದ್ನಲ್ಲ, ಅದೇ ಹೇಳಿದ್ದು.

ನಾನು ಅಲ್ಲೇ ನಿಂತಿದ್ದಾಗ ನನ್ನ ಕ್ಲಾಸಿನ ಇಬ್ಬರು ಆ ಕಡೆ ಬಂದ್ರು. ‘ಯಾರದೇ ಇದು ಹಾಸಿಗೆ?’ ಅಂದ್ರು. ಗೊತ್ತಿಲ್ಲ ಅಂದೆ. ಸೂಟ್‌ಕೇಸು ಎತ್ಕೊಂಡು ಅವರ ಜೊತೆ ನಡೆದೆ.

ಹಾಸ್ಟೆಲ್ಲಲ್ಲಿ ನನ್ನ ಮಂಚದ ಮೇಲೆ ಬೇರೆಯೋಳು ತಲೆ ಬಾಚ್ಕೋತಾ ಕೂತಿದಾಳೆ. ಈಗ ಒಂದು ಲಾಂಡ್ರಿ ಮೇಲೆ ಇದೀನಿ. ಒಂದು ರೂಮಿಗೆ ಪ್ಲೈವುಡ್ ಹೊಡೆದು ಎರಡು ಮಾಡಿದಾರೆ. ಕಿಟಕಿ ಆ ಕಡೆಯ ಅರ್ಧಕ್ಕೆ ಹೋಗಿದೆ. ಇಸ್ತ್ರಿ ಹಬೆ ನೆಲದಿಂದ ಬರುತ್ತೆ. ಪುಸ್ತಕದ ಹಾಳೆಗಳೆಲ್ಲ ಒದ್ದೆ ಒದ್ದೆ.

ಲಾರಿಗೆ ಹಾಕು ಅಂತ ಎರಡು ಸಲ ಬರೆದಿದ್ದು ನಿನ್ನ ಸೊಂಟಕ್ಕೋಸ್ಕರ ಅಲ್ಲ. ನಿನಗೆ ಎಲ್ಲದ್ರಲ್ಲೂ ಜೋಕು ಕಾಣುತ್ತೆ, ಎದುರಿಗಿರೋ ಮುಖ ಕಾಣಲ್ಲ. ಇಷ್ಟು ವರ್ಷ ಅಳೋರ ಜೊತೆ ಓಡಾಡಿದೀಯ, ಒಂದು ಮುಖ ಓದೋಕೆ ಬರಲ್ಲ ನಿನಗೆ.


ಆಗಸ್ಟ್ ೨೭

ಪ್ರೊಫೆಸರಮ್ಮ,

ಈ ಸಲ ಬಾನೆಟ್ ಮೇಲಲ್ಲ, ಅಡುಗೆಮನೆ ಮೇಜಿನ ಮೇಲೆ ಬರೀತಿದೀನಿ. ಅಕ್ಷರ ಡೊಂಕಾಗಿದ್ರೆ ನಂದೇ ತಪ್ಪು.

ನಿನ್ನ ಹಳೇ ಕಾಗದ ತೆಗೆದು ನೋಡಿದೆ. ‘ಹೇಳಿದೆ’ ಅಂತ್ಲೇ ಇದೆ, ಸರಿಯಾಗೇ ಇದೆ. ಏನು ಹೇಳಿದೆ ಅಂತ ನಾನು ಕೇಳಬೇಕಿತ್ತು. ಗುಂಡಿ ಕಿತ್ಕೊಳ್ಳೋ ಅವಸರದಲ್ಲಿದ್ದೆ.

ಮುಖ ಓದೋಕೆ ಬರಲ್ಲ ಅಂದಿದೀಯ. ನಾನು ಓಡಿಸೋನು ಕಣೇ. ಅಳೋರು ಹಿಂದೆ ಕೂತಿರ್ತಾರೆ. ಒಳಗಿನ ಕನ್ನಡೀನ ಬೇರೆ ಕಡೆ ತಿರುಗಿಸಿಟ್ಟಿರ್ತೀನಿ. ಇಲ್ಲಾಂದ್ರೆ ರಸ್ತೆ ಕಾಣಲ್ಲ.

ನಮ್ಮ ಗಾಡಿ ಮಾಲೀಕರ ಹತ್ರ ಹೋಗಿ ಬೇರೆ ಗಾಡಿ ಕೊಡಿ ಅಂದೆ. ಅವರದ್ದು ತರಕಾರಿ ಗಾಡಿನೂ ಒಂದಿದೆ. ‘ಅದಕ್ಕೆ ಜೋರಾಗಿ ಓಡಿಸೋರು ಬೇಕು ಕಣಯ್ಯ. ನೀನು ನಿಧಾನ ಕಲ್ತುಬಿಟ್ಟಿದೀಯ. ನಿನ್ನ ಕೈಗೆ ಕೊಟ್ರೆ ಮಾರ್ಕೆಟ್ ಮುಟ್ಟೋ ಅಷ್ಟ್ರಲ್ಲಿ ಟೊಮೇಟೊಗೂ ಹೆಣದ ಗಾಡೀನೇ ಬೇಕಾಗುತ್ತೆ’ ಅಂದ್ರು. ನನಗಿಂತ ಚೆನ್ನಾಗಿ ಜೋಕು ಮಾಡ್ತಾರೆ. ನಗು ಬರ್ಲಿಲ್ಲ.

ಮನೆಯೊಡತಿಗೆ ಒಂದು ಕಾಗದ ಹಾಕಿದೀನಿ, ತಪ್ಪಾಯ್ತು ಅಂತ. ಒಂದು ಜೋಕೂ ಇಲ್ದೆ ಬರ್ದೆ, ಅದಕ್ಕೇ ಅರ್ಧ ಪುಟಕ್ಕೆ ಮುಗೀತು.

ಹಸಿರು ಪಟ್ಟೆ ಹಿಡಿಸ್ತಂತಾ ಅಂತ ನಿಮ್ಮಮ್ಮ ಕೇಳ್ತಿದ್ಳು. ಚೆನ್ನಾಗಿ ನಿದ್ದೆ ಬರುತ್ತಂತೆ ಅಂದಿದೀನಿ. ನಿನ್ನ ಕಾಗದ ಅವಳಿಗೆ ನಾನೇ ಓದಿ ಹೇಳೋದಲ್ವಾ, ಬೇಕಾದ ಕಡೆ ಉಗುಳು ನುಂಗ್ತೀನಿ.

ಇಸ್ತ್ರಿ ಹಬೆ ಒಳ್ಳೇದಲ್ಲ. ಬೇರೆ ಜಾಗ ನೋಡು. ನಾನು ಬರಲ್ಲ.

ಅಪ್ಪ


ಅಕ್ಟೋಬರ್ ೫

ಅಪ್ಪನವರಿಗೆ,

ಬರೆಯುವುದು ತಡವಾಯಿತು, ಕ್ಷಮಿಸಿ. ನನಗೆ ಹಾಸ್ಟೆಲ್ ಸಿಕ್ಕಿದೆ.

ಲಾಂಡ್ರಿ ಮೇಲೆ ಇದ್ದಾಗ ಕೆಮ್ಮು ಶುರುವಾಗಿ ಎರಡು ಪರೀಕ್ಷೆಗೆ ಕೂರಲಾಗಲಿಲ್ಲ. ಇನ್ನೊಂದು ತಪ್ಪಿದರೆ ವರ್ಷವೇ ಹೋಗುತ್ತಿತ್ತು. ವಾರ್ಡನ್ ಹತ್ತಿರ ಹೋದೆ. ಜಾಗ ಇಲ್ಲ ಅಂದರು. ತಂದೆ ಇಲ್ಲದ ಹುಡುಗಿಯರಿಗೆ ಅಂತ ಬೇರೆ ಇಟ್ಟಿರುವ ಒಂದು ರೂಮು ಮಾತ್ರ ಖಾಲಿ ಇದೆ ಅಂದರು. ಆಮೇಲೆ, ನಿನ್ನ ಅಪ್ಪ ಇದ್ದಾರಾ ಅಂತ ಕೇಳಿದರು. ಹೇಳಿದೆ.

ಏನು ಹೇಳಿದೆ ಅಂತ ಈ ಸಲ ಬರೆಯುತ್ತೇನೆ. ಆಗಸ್ಟ್‌ನಲ್ಲಿ ಹೋದರು ಅಂದೆ. ಹೇಗಮ್ಮ ಅಂದರು. ಮೇಲಿನ ಮಹಡಿಯಲ್ಲಿ ಮಲಗಿದ್ದರು ಅಂದೆ. ಇಳಿಸುವಾಗ ಮುಂದಿದ್ದವರು ಕೈ ಎತ್ತಿದರು, ಹಿಂದಿದ್ದವರು ಬಗ್ಗಿದರು, ತಿರುವಿನಲ್ಲಿ ಒಂದು ಸಲ ನಿಂತು ಕಾಲಿನ ಕಡೆ ಮೊದಲು ತಿರುಗಿಸಿದರು ಅಂದೆ. ಗಾಡಿ ಓಡಿಸುವವನು ನಮ್ಮ ಮುಖ ಕಾಣಬಾರದು ಅಂತ ಕನ್ನಡಿಯನ್ನು ಬೇರೆ ಕಡೆ ತಿರುಗಿಸಿಟ್ಟಿದ್ದ ಅಂದೆ. ವಾರ್ಡನ್ ಕಣ್ಣು ಒರೆಸಿಕೊಂಡು ಬೀಗದ ಕೈ ತೆಗೆದರು. ಯಾವ ಕಾಗದವನ್ನೂ ಕೇಳಲಿಲ್ಲ. ಇಷ್ಟನ್ನೆಲ್ಲ ಯಾರೂ ಕಟ್ಟಿ ಹೇಳುವುದಿಲ್ಲ ಅಂತ ಅವರಿಗೆ ಅನ್ನಿಸಿರಬೇಕು. ನೀವು ಹೇಳಿಕೊಟ್ಟಿದ್ದು ಯಾವುದೂ ದಂಡವಾಗಲಿಲ್ಲ.

ರೂಮು ಚೆನ್ನಾಗಿದೆ. ಒಬ್ಬಳಿಗೇ. ಒಳಗಡೆ ಚಿಲಕ ಇದೆ.

ಇಲ್ಲಿ ಬರುವ ಟಪಾಲು ವಾರ್ಡನ್ ಮೇಜಿನ ಮೇಲೆ ಹರಡಿರುತ್ತದೆ. ನಿಮ್ಮ ಲಕೋಟೆ ಮೇಲೆ ಗಾಡಿ ಮಾಲೀಕರ ಮುದ್ರೆ ಇರುತ್ತದೆ, ಮೂಲೆಯಲ್ಲಿ ನಿಮ್ಮ ಹೆಸರು ಇರುತ್ತದೆ. ಮನೆಯೊಡತಿಗೆ ತಪ್ಪಾಯಿತು ಅಂತ ಬರೆದಿದ್ದನ್ನೂ ನೀವು ಅದೇ ಲಕೋಟೆಯಲ್ಲಿ ಕಳಿಸಿದ್ದಿರಿ. ‘ಅಂತಿಮ ಯಾತ್ರಾ ಸೇವೆ’ ಅಂತ ಓದಿಕೊಂಡು ಅದನ್ನು ಇಸಿದುಕೊಂಡವರು ವರಾಂಡದಲ್ಲಿ ಕೂರುವ ಆ ಯಜಮಾನರು.

ಆದ್ದರಿಂದ ಇನ್ನು ಕಾಗದ ಬೇಡ. ಏನಾದರೂ ಇದ್ದರೆ ಅಮ್ಮ ಹಾಸ್ಟೆಲ್‌ಗೆ ಫೋನ್ ಮಾಡಲಿ.


ಅಕ್ಟೋಬರ್ ೧೪

ಮಗಳೇ,

ಹೋದೋನು ಕಾಗದ ಬರೀಬಾರದು, ಗೊತ್ತು. ಇದೊಂದು ಬರೆದು ಬಿಡ್ತೀನಿ. ಹೆದರಬೇಡ. ಅಂಗಡಿಯಿಂದ ಬಿಳೀ ಲಕೋಟೆ ತಂದೆ. ಕಳಿಸಿದೋರು ಅನ್ನೋ ಕಡೆ ನಿಮ್ಮಮ್ಮನ ಹೆಸರಿದೆ. ಮೇಲಿನ ಅಕ್ಷರ ಪಕ್ಕದ ಅಂಗಡಿ ಟೈಲರ್‌ದು.

ನೀವು ಅಂತ ಬರ್ದಿದೀಯ. ಯಾರಿಗೋ ಬರೆದಿದ್ದು ತಪ್ಪಿ ನನಗೆ ಬಂದಿದೆ ಅಂದ್ಕೊಂಡೆ. ಮುಂದೆ ಓದ್ತಾ ಓದ್ತಾ ಸರಿಯಾಗೇ ಇದೆ ಅನ್ನಿಸ್ತು. ನನ್ನ ಗಾಡಿ ಹತ್ತಿದೋರನ್ನ ಯಾರೂ ಏಕವಚನದಲ್ಲಿ ಅಂದಿದ್ದು ನಾನು ಇವತ್ತಿನವರೆಗೂ ಕೇಳಿಲ್ಲ. ಹಿಂದಿನ ದಿನದವರೆಗೂ ಲೋ ಅಂತಿದ್ದೋರೂ ಅವತ್ತು ‘ಅವರು’ ಅಂತಾರೆ.

ಚೆನ್ನಾಗಿ ಹೇಳಿದೀಯ. ಓದ್ತಾ ನನಗೇ ಅಯ್ಯೋ ಅನ್ನಿಸ್ತು, ಯಾರೋ ಒಳ್ಳೆ ಮನುಷ್ಯ ಹೋದ ಅಂತ. ಒಂದೇ ಒಂದು ತಪ್ಪಿದೆ. ನಮ್ಮನೆಗೆ ಮಹಡಿ ಇಲ್ಲ. ನನ್ನನ್ನ ಯಾವ ಮೆಟ್ಟಿಲಿಂದ ಇಳಿಸಿದ್ರು? ಯಾವತ್ತಾದ್ರೂ ವಾರ್ಡನ್ ಕೇಳಿದ್ರೆ, ಆ ಮನೆ ಬಿಟ್ಟುಬಿಟ್ವಿ, ಈಗ ಅಮ್ಮ ಚಿಕ್ಕ ಮನೇಲಿದಾಳೆ ಅನ್ನು. ನಂಬ್ತಾರೆ.

ನಿಮ್ಮಮ್ಮನಿಗೆ ನಿನ್ನ ಕಾಗದ ಓದಿ ಹೇಳ್ದೆ. ಹಾಸ್ಟೆಲ್ ಸಿಕ್ಕಿದೆ, ಒಬ್ಬಳಿಗೇ ರೂಮು, ಒಳಗಡೆ ಚಿಲಕ. ಅವಳಿಗೆ ಖುಷಿಯೋ ಖುಷಿ. ‘ಜಾಗ ಇಲ್ಲ ಅಂತಿದ್ರಲ್ಲ, ಹೇಗೆ ಸಿಕ್ತಂತೆ?’ ಅಂದ್ಳು.

ಹೇಳಿದೆ.

ಅಮ್ಮ ಫೋನ್ ಮಾಡಲಿ ಅಂದಿದೀಯ. ಮಾಡ್ತಾಳೆ. ನಮ್ಮನೇಲಿ ಯಾವಾಗ ಫೋನ್ ಮಾಡ್ತಾರೆ ಅಂತ ನಿನಗೆ ಗೊತ್ತೇ ಇದೆ. ಅವತ್ತು ನಿನಗೆ ಒಂದು ತೊಂದ್ರೆ ಆಗುತ್ತೆ, ಅದನ್ನ ಈಗ್ಲೇ ಯೋಚ್ನೆ ಮಾಡಿಟ್ಕೋ. ಆಗಸ್ಟ್‌ನಲ್ಲಿ ಹೋದೋನು ಇನ್ನೊಂದ್ಸಲ ಹೋದ ಅಂದ್ರೆ ನಿನಗೆ ರಜೆ ಕೊಡಲ್ಲ ಅವರು. ಗಟ್ಟಿಯಾಗಿ ಅತ್ರೆ ಯಾಕೆ ಅಂತಾರೆ. ಚಿಲಕ ಹಾಕ್ಕೊಂಡು ಒಳಗೇ ಇರು. ಒಬ್ಬಳಿಗೇ ರೂಮು ಸಿಕ್ಕಿದ್ದು ಒಳ್ಳೇದೇ ಆಯ್ತು.

ಫೋನ್ ಬಂದ್ರೆ ಎತ್ಕೊ. ಚಪ್ಪಲಿ ತಂದಿಡೋದು ಬೇಡ.